ಅರ್ಧ ತಾಸಿನ ಊರು

ಯುರೋಪ್ ಸುತ್ತಿ ಬಂದವರು ಕನ್ನಡದಲ್ಲಿ ಬರೆದದ್ದನ್ನು ಸಾಲಾಗಿ ಓದುತ್ತ ಹೋದರೆ ಒಂದು ಪುಟ ಮತ್ತೆ ಮತ್ತೆ ಎದುರಾಗುತ್ತದೆ. ವಾಹನ ಆಲ್ಪ್ಸ್ ಪರ್ವತದ ತಿರುವುಗಳನ್ನು ಹತ್ತುತ್ತಿದೆ. ಜುರಿಕ್‌ನಿಂದ ಮಿಲಾನಿಗೋ, ಇನ್ಸ್‌ಬ್ರುಕ್‌ನಿಂದ ವೆನಿಸ್ಸಿಗೋ ಹೊರಟ ಪಯಣ. ನಡುವೆ ಒಂದು ಹಳ್ಳಿ ಬರುತ್ತದೆ, ಚಾಲಕ ಅರ್ಧ ತಾಸು ಬಿಡುವು ಕೊಡುತ್ತಾನೆ. ಇಳಿದವರಿಗೆ ಮರದ ಮನೆಗಳು ಕಾಣುತ್ತವೆ. ಕಿಟಕಿಗೆ ತೂಗುಬಿಟ್ಟ ಕೆಂಪು ಹೂವಿನ ಕುಂಡಗಳು, ಕೊರಳಲ್ಲಿ ದೊಡ್ಡ ಗಂಟೆ ಕಟ್ಟಿಸಿಕೊಂಡ ಹಸುಗಳು, ಚರ್ಚಿನ ಚೂಪು ಗೋಪುರ, ಅದರ ಹಿಂದೆ ಹಿಮ. ಬೆಂಚಿನ ಮೇಲೆ ಕೂತ ಅಜ್ಜಿಯೊಬ್ಬಳು ನಗುತ್ತಾಳೆ. ಲೇಖಕರೂ ನಗುತ್ತಾರೆ. ಭಾಷೆ ಬೇರೆಯಾದರೂ ನಗು ಒಂದೇ ಎಂಬ ಮಾತು ಬರುತ್ತದೆ. ಆಮೇಲೆ ಊರಿನ ಚೊಕ್ಕಟತನದ ಬಗ್ಗೆ ಎರಡು ಸಾಲು, ‘ನಮ್ಮಲ್ಲಾದರೆ’ ಎಂದು ಶುರುವಾಗುವ ಮೂರನೆಯ ಸಾಲು. ಹಾರ್ನ್ ಕೇಳಿಸುತ್ತದೆ. ಪುಟ ಮುಗಿಯುತ್ತದೆ.

ಈ ಪುಟವನ್ನು ಯಾರೊಬ್ಬರ ಹೆಸರಿಗೂ ಹಚ್ಚುವ ಉದ್ದೇಶ ನನಗಿಲ್ಲ. ಅದು ಎಲ್ಲರೂ ಸೇರಿ ಬರೆದ ಪುಟ. ಮೊದಲು ಪುಸ್ತಕಗಳಲ್ಲಿತ್ತು, ಆಮೇಲೆ ಭಾನುವಾರದ ಪುರವಣಿಗಳಿಗೆ ಬಂತು, ಈಗ ಫೋನಿನ ಪರದೆಯಲ್ಲಿ ನಿಮಿಷದ ವಿಡಿಯೋ ಆಗಿದೆ. ಪ್ರವಾಸ ಸಾಹಿತ್ಯವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿರುವುದರಿಂದ ಇಂಥ ಪುಟ ಬಂದಾಗಲೆಲ್ಲ ಪೆನ್ಸಿಲ್ಲಿನಿಂದ ಅಂಚಿನಲ್ಲಿ ‘ಅರ್ಧ ತಾಸಿನ ಊರು’ ಎಂದು ಬರೆದುಕೊಳ್ಳುವ ರೂಢಿ ನನಗಾಗಿದೆ. ಹೀಗೆ ಗುರುತು ಹಾಕುತ್ತ ಹೋದಂತೆ ಒಂದು ಪ್ರಶ್ನೆ ಗಟ್ಟಿಯಾಯಿತು. ಈ ಪುಟದಲ್ಲಿ ಊರು ಯಾಕೆ ಇಷ್ಟು ಕಡಿಮೆ ಇದೆ? ಹೊತ್ತು ಸಾಲದ್ದಕ್ಕೋ, ಅಥವಾ ಬೇರೆ ಏನೋ ಕಾರಣಕ್ಕೋ?

ಮೊದಲು ‘ನಮ್ಮಲ್ಲಾದರೆ’ ಎಂಬ ಆ ಮೂರನೆಯ ಸಾಲಿನ ಬಗ್ಗೆ. ಆಲ್ಪ್ಸ್‌ನ ಬೀದಿಯ ಪಕ್ಕದಲ್ಲಿ ಅದು ನಮ್ಮ ಬೀದಿಯನ್ನು ನಿಲ್ಲಿಸುತ್ತದೆ. ನಮ್ಮದು ಅಂದರೆ ದೂಳು, ಸಗಣಿ, ಗದ್ದಲ. ಕೇಳಲು ಇದು ಆತ್ಮವಿಮರ್ಶೆಯಂತಿದೆ. ಆದರೆ ಅದನ್ನು ಬರೆಯುವವರು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರಿನವರು. ‘ನಮ್ಮಲ್ಲಿ’ ಎಂದು ಅವರು ಬೊಟ್ಟು ಮಾಡುವ ಬೀದಿ ಅವರ ಬೀದಿಯಲ್ಲ, ನಮ್ಮದು. ಕೊಡೇಕಲ್ಲಿನಂಥ ಊರಲ್ಲಿ ಕೂತು ಓದುವವರಿಗೆ ಆ ಸಾಲು ಬಂದ ಕೂಡಲೇ ತಮ್ಮನ್ನು ಯಾರೋ ಫೋಟೋದ ಚೌಕಟ್ಟಿನಿಂದ ಆಚೆ ಸರಿಸಿದಂತೆ ಅನ್ನಿಸುತ್ತದೆ. ಸ್ವಿಸ್ ಹಳ್ಳಿ ಅಷ್ಟು ಚೊಕ್ಕಟವಾದದ್ದು ಹೇಗೆ, ಯಾರ ದುಡ್ಡಿನಿಂದ, ಯಾವಾಗಿನಿಂದ ಎಂದು ಆ ಪುಟ ಕೇಳುವುದಿಲ್ಲ. ಅದು ಹುಟ್ಟಿದ್ದೇ ಹಾಗೆ, ನಾವು ಹುಟ್ಟಿದ್ದೇ ಹೀಗೆ.

ಪುಟದ ಉಳಿದ ಸಾಮಗ್ರಿಯನ್ನು ಯಾವ ಕನ್ನಡ ಲೇಖಕರೂ ಕಂಡುಹಿಡಿಯಲಿಲ್ಲ. ಬೆಟ್ಟವನ್ನು ಹೀಗೆ ನೋಡಬೇಕು ಎಂದು ಯುರೋಪಿನ ಮಾರ್ಗದರ್ಶಿ ಪುಸ್ತಕಗಳು ನೂರೈವತ್ತು ವರ್ಷದಿಂದ ಹೇಳಿಕೊಟ್ಟಿವೆ. ಥಾಮಸ್ ಕುಕ್ ತನ್ನ ಮೊದಲ ಸ್ವಿಟ್ಜರ್‌ಲೆಂಡ್ ಪ್ರವಾಸವನ್ನು ಹೊರಡಿಸಿದ್ದು 1863ರಲ್ಲಿ. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1957ರ ‘ಮಿಥಾಲಜೀಸ್’ ಪುಸ್ತಕದಲ್ಲಿ ‘ಬ್ಲೂ ಗೈಡ್’ ಎಂಬ ಮಾರ್ಗದರ್ಶಿ ಮಾಲೆಯ ಮೇಲೊಂದು ಚಿಕ್ಕ ಲೇಖನ ಬರೆದಿದ್ದಾನೆ. ಆ ಪುಸ್ತಕಕ್ಕೆ ನೆಲ ಏರುಪೇರಾದಲ್ಲಿ ಮಾತ್ರ ಸೌಂದರ್ಯ ಕಾಣುತ್ತದೆ, ಬಯಲು ಅದಕ್ಕೆ ಕಾಣುವುದೇ ಇಲ್ಲ ಎಂದು ಅವನು ಚುಚ್ಚುತ್ತಾನೆ. ಅದಕ್ಕಿಂತ ಮುಖ್ಯವಾದದ್ದು ಜನರ ಬಗ್ಗೆ ಅವನು ಹೇಳುವುದು. ಮಾರ್ಗದರ್ಶಿಯಲ್ಲಿ ಬದುಕುವ ಮನುಷ್ಯರಿಲ್ಲ, ನಮೂನೆಗಳಿದ್ದಾರೆ. ಒಂದು ಪ್ರಾಂತದವರೆಲ್ಲ ಸಾಹಸಿ ನಾವಿಕರು, ಇನ್ನೊಂದು ಪ್ರಾಂತದವರೆಲ್ಲ ಲವಲವಿಕೆಯ ತೋಟಗಾರರು. ನಮ್ಮ ಪುಟದ ಬೆಂಚಿನ ಅಜ್ಜಿ ಇದೇ ಬಗೆಯವಳು. ಅವಳಿಗೆ ಮಗ ಇದ್ದಾನೋ, ಅವನು ಯಾವ ಪಟ್ಟಣದಲ್ಲಿದ್ದಾನೋ, ಮೊಣಕಾಲು ನೋಯುತ್ತದೋ, ದಿನಕ್ಕೆ ಎಷ್ಟು ಬಸ್ಸಿನವರಿಗೆ ಅವಳು ನಗಬೇಕೋ, ಯಾವುದೂ ಗೊತ್ತಾಗುವುದಿಲ್ಲ.

ಭಾರತೀಯ ಪ್ರವಾಸಿಗರಿಗಂತೂ ಸಿನಿಮಾ ಬೇರೆ ಕನ್ನಡಕ ಹಾಕಿ ಕಳಿಸಿದೆ. ಟಿಟ್ಲಿಸ್ ಬೆಟ್ಟದ ಮೇಲೆ ಶಾರುಖ್ ಖಾನ್, ಕಾಜೋಲ್ ಅವರ ಆಳೆತ್ತರದ ಚಿತ್ರ ನಿಲ್ಲಿಸಿದ್ದಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಇಂಟರ್‌ಲಾಕೆನ್‌ನಲ್ಲಿ ಯಶ್ ಚೋಪ್ರಾ ಪ್ರತಿಮೆಯೇ ಇದೆ. ಹೋದವರು ನೋಡುವುದು ಹೊಸ ಊರನ್ನಲ್ಲ, ಮೊದಲೇ ನೋಡಿದ ಹಾಡಿನ ಜಾಗವನ್ನು. ಇದನ್ನು ನಾನು ಹಂಗಿಸುತ್ತಿಲ್ಲ. ಮೇ ತಿಂಗಳಲ್ಲಿ ಕೊಡೇಕಲ್ಲಿನ ಕಲ್ಲುಗುಡ್ಡ ಕಾದು ರಾತ್ರಿ ಹತ್ತಕ್ಕೂ ಆರದೆ ಕೂತಿರುವಾಗ ಹಿಮದ ಚಿತ್ರವನ್ನು ನೋಡುತ್ತ ಕೂರುವ ಆಸೆ ನನಗೂ ಇದೆ.

ಆ ಪುಟದಲ್ಲಿ ಬಿಟ್ಟುಹೋಗುವುದು ಏನು? ಆಲ್ಪ್ಸ್ ಎಂಬ ಹೆಸರಿನಿಂದಲೇ ನೋಡಬಹುದು. ಅಲ್ಲಿನ ಜರ್ಮನ್ ಮಾತಾಡುವ ರೈತರ ಬಾಯಲ್ಲಿ ‘ಆಲ್ಪ್’ ಅಂದರೆ ಹಿಮದ ಶಿಖರ ಅಲ್ಲ. ಬೇಸಿಗೆಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗುವ ಎತ್ತರದ ಹುಲ್ಲುಗಾವಲು. ಪ್ರವಾಸಿ ಮೇಲೆ ನೋಡಿ ಆಲ್ಪ್ಸ್ ಎನ್ನುತ್ತಾನೆ, ದನಗಾರ ಕಾಲ ಕೆಳಗಿನ ಮೇವಿಗೆ ಆಲ್ಪ್ ಎನ್ನುತ್ತಾನೆ. ಹಸುವಿನ ಕೊರಳ ಗಂಟೆ ಸಂಗೀತಕ್ಕೆ ಕಟ್ಟಿದ್ದಲ್ಲ, ಮಂಜಿನಲ್ಲಿ ತಪ್ಪಿಸಿಕೊಂಡ ದನ ಹುಡುಕಲು ಕಟ್ಟಿದ್ದು. ಆ ಹಳ್ಳಿಗಳು ಬಹುಕಾಲ ಹೊಟ್ಟೆಗಿಲ್ಲದ ಹಳ್ಳಿಗಳಾಗಿದ್ದವು. ಸವಾಯ್ ಸೀಮೆಯ ಚಿಕ್ಕ ಹುಡುಗರು ಚಳಿಗಾಲಕ್ಕೆ ಪ್ಯಾರಿಸ್ಸಿಗೆ ಹೋಗಿ ಹೊಗೆಗೂಡುಗಳೊಳಗೆ ಇಳಿದು ಮಸಿ ಕೆರೆಯುತ್ತಿದ್ದರು. ಟಿಚಿನೋ ಕಣಿವೆಯ ಹುಡುಗರು ಇದೇ ಕೆಲಸಕ್ಕೆ ಮಿಲಾನಿಗೆ ಹೋಗುತ್ತಿದ್ದರು. ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಶಬ್ದ ಇದೆ, ಗುಳೆ.

ಇನ್ನೂ ಕಹಿಯಾದದ್ದಿದೆ. ಸ್ವಿಟ್ಜರ್‌ಲೆಂಡಿನಲ್ಲಿ ಬಡವರ, ಅನಾಥರ ಮಕ್ಕಳನ್ನು ರೈತರ ಮನೆಗಳಿಗೆ ದುಡಿಮೆಗೆ ಹಚ್ಚುವ ಪದ್ಧತಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನಡೆದಿತ್ತು. ಆ ಮಕ್ಕಳನ್ನು ಅಲ್ಲಿ ‘ಫೆರ್ಡಿಂಗ್‌ಕಿಂಡರ್’ ಎನ್ನುತ್ತಿದ್ದರು, ಕರಾರಿಗೆ ಕೊಟ್ಟ ಮಕ್ಕಳು. ಸರ್ಕಾರ ಬದುಕುಳಿದವರ ಎದುರು ಕ್ಷಮೆ ಕೇಳಿದ್ದು 2013ರಲ್ಲಿ. ನಮ್ಮ ದೇಶದಲ್ಲಿ ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಪ್ರವಾಸಿಗೆ ಇಷ್ಟವಾಗುವ ಆ ಮರದ ಮನೆಯ ಕೊಟ್ಟಿಗೆಯಲ್ಲಿ ಯಾರೋ ಒಬ್ಬ ಹುಡುಗ ಮಲಗಿದ್ದಿರಬಹುದು. ‘ನಮ್ಮಲ್ಲಾದರೆ’ ಎಂಬ ಸಾಲನ್ನು ಬರೆಯಲೇಬೇಕೆಂದರೆ ಅದಕ್ಕೆ ತಕ್ಕ ಜಾಗ ಇದು. ಯಾದಗಿರಿ ಕಡೆಯವರೊಬ್ಬರಿಗೂ ಆಲ್ಪ್ಸ್‌ನ ಅಜ್ಜನೊಬ್ಬನಿಗೂ ಭಾಷೆ ಬರದಿದ್ದರೂ ಒಬ್ಬರದೊಬ್ಬರಿಗೆ ತಿಳಿಯುವ ಸಂಗತಿ ಇಲ್ಲಿತ್ತು. ಅರ್ಧ ತಾಸಿನ ಪುಟ ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ.

ಪುಟವನ್ನು ಒಳಗಿಂದ ಹೊರಗೆ ತಿರುಗಿಸಿದ ಬರಹ ಒಂದಿದೆ. ಅಮೆರಿಕದ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ 1953ರಲ್ಲಿ ಪ್ರಕಟಿಸಿದ ‘ಸ್ಟ್ರೇಂಜರ್ ಇನ್ ದ ವಿಲೇಜ್’. ಊರು ಸ್ವಿಟ್ಜರ್‌ಲೆಂಡಿನ ಲೂಕರ್‌ಬಾಡ್. ಗೆಳೆಯನ ಮನೆಯವರ ಮರದ ಮನೆ ಅಲ್ಲಿತ್ತು, ಬಾಲ್ಡ್‌ವಿನ್ ಮೊದಲು ಬೇಸಿಗೆಯಲ್ಲಿ ಎರಡು ವಾರ ಇದ್ದು ಬಂದ. ಮತ್ತೆ ಹೋಗುವ ಮನಸ್ಸಿರಲಿಲ್ಲ. ಆದರೂ ಚಳಿಗಾಲದಲ್ಲಿ ಹೋದ, ಯಾಕೆಂದರೆ ಅಲ್ಲಿ ಖರ್ಚು ಕಡಿಮೆ, ಬರೆಯಲು ಅಡ್ಡಿಯಿಲ್ಲ. ಆರು ನೂರು ಜನ, ಸಿನಿಮಾ ಮಂದಿರ ಇಲ್ಲ, ಬ್ಯಾಂಕಿಲ್ಲ, ಗ್ರಂಥಾಲಯ ಇಲ್ಲ. ಇಡೀ ಊರಿಗೆ ಇದ್ದ ಟೈಪ್‌ರೈಟರ್ ಅವನದೊಂದೇ. ಬಿಸಿನೀರಿನ ಬುಗ್ಗೆಯಲ್ಲಿ ಮೀಯಲು ಕೈಕಾಲು ಸೊರಗಿದವರು ವರ್ಷಾ ಬರುತ್ತಾರೆ. ಈ ಪ್ರಬಂಧದ ಮೊದಲ ಭಾಗವನ್ನು ಪ್ರವಾಸಕಥನ ಬರೆಯುವವರಿಗೆ ಪಾಠ ಇಡಬೇಕು ಅನ್ನಿಸುತ್ತದೆ. ಹಿಮ, ಗೋಪುರ, ಹೂಕುಂಡದ ಬದಲು ಊರಿನಲ್ಲಿ ಏನು ಎಷ್ಟಿದೆ, ಯಾವುದು ಯಾವ ತಿಂಗಳು ಬಾಗಿಲು ಹಾಕುತ್ತದೆ, ಯಾರು ಯಾವ ಚರ್ಚಿಗೆ ಹೋಗುತ್ತಾರೆ ಎಂಬ ಲೆಕ್ಕ ಅಲ್ಲಿದೆ.

ಆಮೇಲೆ ನೋಟ ತಿರುಗುತ್ತದೆ. ಆ ಊರು ಅವನಿಗಿಂತ ಮೊದಲು ಕಪ್ಪು ಮನುಷ್ಯನನ್ನು ಕಂಡಿರಲಿಲ್ಲ. ಬೀದಿಯಲ್ಲಿ ಹೋದರೆ ಮಕ್ಕಳು ಕೂಗುತ್ತಾರೆ. ಕೆಲವರು ಕೂದಲು ಮುಟ್ಟಿ ನೋಡುತ್ತಾರೆ, ಕೈ ಉಜ್ಜಿ ಬಣ್ಣ ಹೋಗುತ್ತದೋ ಎಂದು ನೋಡುತ್ತಾರೆ. ಅವರಲ್ಲಿ ದ್ವೇಷವಿಲ್ಲ ಎನ್ನುವುದನ್ನು ಅವನು ಒಪ್ಪುತ್ತಾನೆ. ತನ್ನನ್ನು ಮನುಷ್ಯ ಎಂದು ಅವರು ಎಣಿಸಿದ್ದರ ಗುರುತೂ ಅಲ್ಲಿಲ್ಲ ಎನ್ನುತ್ತಾನೆ. ಮದ್ಯದಂಗಡಿಯವನ ಹೆಂಡತಿ ಖುಷಿಯಿಂದ ಒಂದು ಸುದ್ದಿ ಹೇಳುತ್ತಾಳೆ: ಚರ್ಚಿನ ಪೆಟ್ಟಿಗೆಗೆ ಊರವರು ಹಾಕಿದ ಕಾಸಿನಿಂದ ಹೋದ ವರ್ಷ ಆಫ್ರಿಕದ ಆರೋ ಎಂಟೋ ಜನರನ್ನು ‘ಕೊಂಡು’ ಕ್ರೈಸ್ತರನ್ನಾಗಿ ಮಾಡಿದೆವು. ಗುಲಾಮಗಿರಿಯ ಮೊಮ್ಮಗನಿಗೆ ಇದನ್ನು ಒಳ್ಳೆಯ ಸುದ್ದಿ ಎಂದು ಹೇಳಲಾಗುತ್ತದೆ. ಬಾಲ್ಡ್‌ವಿನ್ ಸಿಟ್ಟಾಗುವುದಿಲ್ಲ, ಸುಮ್ಮನೆ ಅದನ್ನು ಬರೆದಿಡುತ್ತಾನೆ. ನಗುವ ಅಜ್ಜಿಯ ಪುಟದಲ್ಲಿ ಇಲ್ಲದ್ದು ಇದೇ. ಅಲ್ಲಿ ಪ್ರವಾಸಿಗೆ ಮೈ ಇಲ್ಲ. ಅವನೊಂದು ಕಣ್ಣು ಮಾತ್ರ. ಕಂದು ಚರ್ಮದ, ಸೀರೆ ಅಥವಾ ಮಂಗನಟೋಪಿ ಹಾಕಿದ, ಗುಂಪಾಗಿ ಇಳಿದ ನಲವತ್ತು ಜನರನ್ನು ಆ ಊರು ಹೇಗೆ ನೋಡಿತು ಎನ್ನುವುದು ನಮ್ಮ ಬರಹಗಳಲ್ಲಿ ತೀರ ಕಡಿಮೆ.

ಬಾಲ್ಡ್‌ವಿನ್ ಬರಹದಲ್ಲಿ ನನಗೆ ತಕರಾರೂ ಇದೆ. ಊರಿನವರು ಕೊನೆಯವರೆಗೂ ‘ಅವರು’ ಆಗಿಯೇ ಉಳಿಯುತ್ತಾರೆ. ಆ ಊರಿನಲ್ಲಿ ಓದುಬರಹ ಬರದ ರೈತನಿಗೂ ಡಾಂಟೆ, ಶೇಕ್ಸ್‌ಪಿಯರ್, ಶಾರ್ತ್ರದ ದೊಡ್ಡ ಚರ್ಚು ಎಲ್ಲ ಹುಟ್ಟಿನಿಂದಲೇ ನಂಟು, ತನಗಿಲ್ಲ ಎಂಬರ್ಥದಲ್ಲಿ ಅವನು ವಾದಿಸುತ್ತಾನೆ. ಕರಾರಿಗೆ ಹೋದ ಹುಡುಗನಿಗೆ, ಹೊಗೆಗೂಡಿನೊಳಗೆ ಇಳಿದವನಿಗೆ ಡಾಂಟೆ ಯಾವ ನಂಟ? 2014ರಲ್ಲಿ ಟೇಜು ಕೋಲ್ ಅದೇ ಊರಿಗೆ ಹೋಗಿ ಬರೆದ ಪ್ರಬಂಧ ಬೇರೆ ದಾರಿಯಿಂದ ಈ ವಾದವನ್ನು ತಳ್ಳಿಹಾಕುತ್ತದೆ. ಬಾಖ್ ಸಂಗೀತವೂ ನನ್ನದೇ, ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ನಿಲುವು ಅವನದು. ಇಬ್ಬರಿಗೂ ಊರಿನ ಬಡವ ಕಾಣುವುದು ಕಡಿಮೆ. ಆ ಕೆಲಸ ಮಾಡಿದ್ದು ಜಾನ್ ಬರ್ಜರ್. ಅವನು ಫ್ರಾನ್ಸಿನ ಆಲ್ಪ್ಸ್ ಹಳ್ಳಿಯೊಂದರಲ್ಲಿ ಮನೆ ಮಾಡಿಕೊಂಡು, ನೆರೆಯವರ ಜೊತೆ ಹುಲ್ಲು ಕೊಯ್ದು, 1979ರಲ್ಲಿ ‘ಪಿಗ್ ಅರ್ತ್’ ಬರೆದ. ಆದರೆ ಅದು ಮಜಲಿನ ಬರಹವಲ್ಲ, ನೆಲೆ ನಿಂತವನ ಬರಹ.

ಈಗ ನನ್ನ ಗುರುತುಗಳನ್ನು ನೋಡಿದವರೊಬ್ಬರು ಎತ್ತಿದ ಆಕ್ಷೇಪಕ್ಕೆ ಬರುತ್ತೇನೆ. ಬಾಲ್ಡ್‌ವಿನ್ ಚಳಿಗಾಲ ಕಳೆದ, ಬರ್ಜರ್ ಬದುಕನ್ನೇ ಕಳೆದ, ಅರ್ಧ ತಾಸು ನಿಂತವರಿಂದ ಇನ್ನೇನು ಬಯಸುತ್ತೀರಿ? ನ್ಯಾಯವಾದ ಪ್ರಶ್ನೆ. ಆದರೆ ಹೊತ್ತು ಕಡಿಮೆ ಇದ್ದದ್ದೇ ಕಾರಣ ಎನ್ನುವುದಕ್ಕೆ ಅಡ್ಡ ಬರುವ ಬರಹ ನಮ್ಮ ದೇಶದ್ದೇ ಇದೆ, ಅದೂ ನಮ್ಮ ಸೀಮೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ್ದೇ.

1934ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಸುಮಾರು ಮೂವತ್ತು ಜನ ಬಸ್ಸು, ಕಾರು ಬಾಡಿಗೆಗೆ ಹಿಡಿದು ನಾಸಿಕದಿಂದ ಪ್ರವಾಸ ಹೊರಟರು. ವೇರೂಳದ ಬೌದ್ಧ ಗುಹೆಗಳನ್ನು ನೋಡುವುದು ಉದ್ದೇಶ. ಅದೊಂದು ಸಂತೋಷದ ಪ್ರವಾಸವೇ, ಚಳವಳಿಯ ಕೆಲಸವಲ್ಲ. ದಾರಿಯಲ್ಲಿ ದೌಲತಾಬಾದ್ ಬೆಟ್ಟದ ಕೋಟೆ ಬರುತ್ತದೆ. ಈ ಪ್ರಸಂಗ ಅವರ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಪುಟ್ಟ ಬರಹದಲ್ಲಿದೆ. ನಾನು ಓದಿದ ಪ್ರವಾಸಕಥನಗಳಲ್ಲೆಲ್ಲ ಒಂದು ಮಜಲಿನ ಅತ್ಯಂತ ತುಂಬಿದ ಚಿತ್ರ ಅದು, ಕೆಲವೇ ಪುಟ.

ಅವರು ಪ್ರವಾಸದ ಸುದ್ದಿಯನ್ನು ಮೊದಲೇ ಹಬ್ಬಿಸಿರಲಿಲ್ಲ. ಅಸ್ಪೃಶ್ಯ ಪ್ರವಾಸಿಗೆ ದೂರದ ಊರುಗಳಲ್ಲಿ ಬರುವ ತೊಂದರೆ ತಪ್ಪಿಸಿಕೊಳ್ಳಲು ಹಾಗೆ ಮಾಡಿದ್ದರು. ಇಳಿಯಲು ಗೊತ್ತುಮಾಡಿದ ಊರುಗಳ ತಮ್ಮವರಿಗೆ ಮಾತ್ರ ತಿಳಿಸಿದ್ದರು. ನಕ್ಷೆಯ ಮೇಲಿನ ಉಳಿದ ಹಳ್ಳಿಗಳನ್ನು ಹಾದುಹೋಗಬೇಕು, ನಿಲ್ಲಬಾರದು. ಎಲ್ಲಿ ಬೇಕಾದರೂ ಇಳಿದು ಫೋಟೋ ತೆಗೆಯಬಹುದಾದವರಿಗೆ ‘ದಾರಿಯಲ್ಲೊಂದು ಹಳ್ಳಿ ಸಿಕ್ಕಿತು’ ಎಂಬ ವಾಕ್ಯ ಬರೆಯಲು ಬರುತ್ತದೆ. ಈ ಮೂವತ್ತು ಜನರಿಗೆ ಆ ವಾಕ್ಯವೇ ಇಲ್ಲ. ದೌಲತಾಬಾದಿನಲ್ಲಿ ಕಾದಿದ್ದ ಊರವರು ಚಹಾ ಕುಡಿದು ಹೋಗಿ ಎಂದರು. ಇವರಿಗೆ ಚಹಾ ಬೇಕೇ ಬೇಕಿತ್ತು. ಆದರೆ ಕತ್ತಲಾಗುವುದರೊಳಗೆ ಕೋಟೆ ನೋಡಬೇಕು, ಬರುವಾಗ ಕುಡಿಯುತ್ತೇವೆ ಎಂದು ಮುಂದೆ ಹೋದರು. ರಂಜಾನ್ ತಿಂಗಳು. ಕೋಟೆಯ ಬಾಗಿಲ ಹೊರಗೆ ತುಂಬಿದ ಸಣ್ಣ ಕೊಳ, ಸುತ್ತ ಕಲ್ಲುಹಾಸು. ಮೈಯೆಲ್ಲ ದೂಳು. ಕೆಲವರು ಮುಖ, ಕಾಲು ತೊಳೆದರು. ಅಷ್ಟರಲ್ಲಿ ಹಿಂದಿನಿಂದ ಬಿಳಿ ಗಡ್ಡದ ಮುದುಕರೊಬ್ಬರು ಜಾತಿ ಹೆಸರು ಹಿಡಿದು ಕೂಗುತ್ತ ಓಡಿಬಂದರು, ಕೊಳ ಮೈಲಿಗೆಯಾಯಿತು ಎಂದು. ಜನ ಸೇರಿತು, ಬೈಗಳಾಯಿತು, ಊರಿನ ಅಸ್ಪೃಶ್ಯರ ಮೇಲೂ ಹರಿಹಾಯ್ದರು. ಒಬ್ಬ ಅಸ್ಪೃಶ್ಯ ಮುಸಲ್ಮಾನನಾದರೆ ಅವನನ್ನೂ ತಡೆಯುತ್ತೀರಾ ಎಂದು ಅಂಬೇಡ್ಕರ್ ಕೇಳಿದಾಗ ಗುಂಪು ತಣ್ಣಗಾಯಿತು. ಕೊನೆಗೆ ಒಳಗೆ ಹೋಗಲು ಅಪ್ಪಣೆ ಸಿಕ್ಕಿತು. ಕೋಟೆಯೊಳಗೆ ಎಲ್ಲಿಯೂ ನೀರು ಮುಟ್ಟಬಾರದು ಎಂಬ ಕರಾರು. ಅದನ್ನು ನೋಡಿಕೊಳ್ಳಲು ಬಂದೂಕಿನ ಸಿಪಾಯಿಯೊಬ್ಬನನ್ನು ಜೊತೆಗೆ ಕಳಿಸಿದರು.

ಇದೇ ಬರಹದಲ್ಲಿ ಹಿಂದೂ ಗಾಡಿಯವನೂ ಪಾರ್ಸಿ ವಸತಿಗೃಹವೂ ಇವೆ, ಆದ್ದರಿಂದ ದೌಲತಾಬಾದಿನ ಪ್ರಸಂಗವನ್ನು ಒಂದು ಧರ್ಮದ ತಲೆಗೆ ಕಟ್ಟುವವರಿಗೆ ಆ ಪುಸ್ತಿಕೆ ಹೆಚ್ಚು ನೆರವಾಗದು. ನನಗೆ ಇಲ್ಲಿ ಬೇಕಾದದ್ದು ಬರವಣಿಗೆಯ ಪ್ರಶ್ನೆ. ಅವರು ಅಲ್ಲಿ ನಿಂತದ್ದು ಒಂದು ಸಂಜೆಯ ಕೆಲವು ಹೊತ್ತು. ಅಷ್ಟರಲ್ಲಿ ಆ ಊರಿನ ಕೊಳ, ಬಾಗಿಲು, ಕಾವಲು, ತಿಂಗಳು, ಒಳಗಿನವರು ಯಾರು ಹೊರಗಿನವರು ಯಾರು, ಕೂಗಿದವರಿಗೆ ಎಲ್ಲಿ ಮಾತು ನಿಂತಿತು, ಎಲ್ಲ ತಿಳಿಯುತ್ತದೆ. ಕೋಟೆ ಹೇಗಿತ್ತು ಎನ್ನುವುದೊಂದೇ ಗೊತ್ತಾಗುವುದಿಲ್ಲ. ಸಿಪಾಯಿ ಬೆನ್ನಿಗಿರುವಾಗ ಶಿಲ್ಪಕಲೆಯ ವರ್ಣನೆ ಎಲ್ಲಿಂದ ಬರಬೇಕು? ನೋಡಿಸಿಕೊಂಡವರಿಗೆ ಊರು ಕಾಣುತ್ತದೆ, ಬರೀ ನೋಡಿದವರಿಗೆ ದೃಶ್ಯ ಕಾಣುತ್ತದೆ. ಹೊತ್ತಿನ ಅಳತೆಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಕನ್ನಡದಲ್ಲಿ ನೋಡಿಸಿಕೊಂಡ ಪ್ರವಾಸಿ ಇಲ್ಲವೇ ಇಲ್ಲವೇ? ಇದ್ದಾರೆ, ಮತ್ತು ಅವರು ಹೆಚ್ಚಾಗಿ ನಗೆಯ ಬಾಗಿಲಿನಿಂದ ಬಂದಿದ್ದಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಎಂಬ ಹೆಸರನ್ನೇ ನೋಡಿ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಗೊರೂರು ಎನ್ನುವುದು ಲೇಖಕರ ಹೆಸರೂ ಹೌದು, ಹಾಸನ ಜಿಲ್ಲೆಯ ಊರಿನ ಹೆಸರೂ ಹೌದು. ಅಮೆರಿಕವನ್ನು ನೋಡಿದ ಒಬ್ಬ ಮನುಷ್ಯ ಅಂತಲೂ ಓದಬಹುದು, ಅಮೆರಿಕದ ನಡುವೆ ಹೋಗಿ ಇಳಿದ ಒಂದು ಹಳ್ಳಿ ಅಂತಲೂ ಓದಬಹುದು. ಎ.ಎನ್. ಮೂರ್ತಿರಾವ್ ತಮ್ಮ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಹೆಸರಿಟ್ಟು ಮುದಿಮೈಯನ್ನು ಮೊದಲೇ ಮುಂದೆ ನಿಲ್ಲಿಸುತ್ತಾರೆ. ಕಾರಂತರ ‘ಅಪೂರ್ವ ಪಶ್ಚಿಮ’ದ ಹೆಸರಿನಲ್ಲಿ ಬೆರಗೂ ಇದೆ, ಪೂರ್ವವಲ್ಲದ್ದು ಎಂಬ ತುಂಟತನವೂ ಇದೆ ಎಂದು ನಾನು ಓದಿಕೊಳ್ಳುತ್ತೇನೆ. ಹೆಸರಿನಲ್ಲಿರುವ ಈ ಎಚ್ಚರ ಆಮೇಲಿನವರ ಪುಟಗಳಲ್ಲಿ ತೆಳುವಾಯಿತು. ಪ್ರವಾಸ ಅಗ್ಗವಾದಷ್ಟೂ ಪ್ರವಾಸಿ ಕಾಣದಾದ.

ನಮ್ಮಲ್ಲಿ ಮಜಲು ಎಂಬ ಒಳ್ಳೆಯ ಶಬ್ದ ಇದೆ. ಕರಾವಳಿಯವರಿಗೆ ಮಜಲು ಅಂದರೆ ಒಂದು ಬಗೆಯ ಗದ್ದೆ, ಅದು ಬೇರೆ. ನಮ್ಮ ಕಡೆಯ ಮಜಲು ಅರಬ್ಬಿಯ ಮಂಜಿಲ್‌ನಿಂದ ಬಂದದ್ದು, ಪಯಣದಲ್ಲಿ ಇಳಿದುಕೊಳ್ಳುವ ಜಾಗ. ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಇದ್ದ ಬಂಗಲೆಗೆ ಇಂದಿಗೂ ಟೇಲರ್ ಮಂಜಿಲ್ ಅಂತಲೇ ಹೆಸರು. ಮಜಲಿನ ನಿಜವಾದ ಅರ್ಥ ಗೊತ್ತಿರುವವರು ಕುರುಬರು. 

ಸುಗ್ಗಿ ಮುಗಿದ ಮೇಲೆ ಅವರ ಹಿಂಡು ಊರೂರು ದಾಟಿ ಬರುತ್ತದೆ. ರೈತರ ಹೊಲದಲ್ಲಿ ರಾತ್ರಿ ಕುರಿ ತರುಬುತ್ತಾರೆ, ಹಿಕ್ಕೆ ಗೊಬ್ಬರವಾಗುತ್ತದೆ, ರೈತ ಕಾಳೋ ರೊಕ್ಕವೋ ಕೊಡುತ್ತಾನೆ. ಎರಡು ರಾತ್ರಿಯ ವಸತಿ ಅಷ್ಟೆ. ಆದರೆ ಯಾವ ಹೊಲ ಯಾರದು, ಯಾವ ಬಾವಿಯಲ್ಲಿ ಎಷ್ಟು ನೀರು, ಯಾರ ಮನೆಯಲ್ಲಿ ಹೋದ ವರ್ಷ ಮದುವೆ ಆಯಿತು ಎಂಬುದೆಲ್ಲ ಅವರಿಗೆ ಗೊತ್ತು. ಊರಿಗೂ ಅವರು ಗೊತ್ತು. ಆಲ್ಪ್ ಎಂಬ ಶಬ್ದದ ಮೂಲದಲ್ಲಿ ಇದ್ದದ್ದೂ ಇದೇ ಬಗೆಯ ದನಗಾರಿಕೆ. ಕೊಡೇಕಲ್ಲಿನ ನೆಲದಲ್ಲಿ ಇದರ ಹಳೆಯ ಗುರುತೂ ಇದೆ. ಇಲ್ಲಿನ ಬೂದಿದಿಬ್ಬವನ್ನು 1960ರ ದಶಕದಲ್ಲಿ ಕೆ. ಪದ್ದಯ್ಯ ಅಗೆದರು. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ದನ ಕೂಡುತ್ತಿದ್ದ ದೊಡ್ಡಿಗಳಲ್ಲಿ ಬಿದ್ದ ಸಗಣಿ ಉರಿದು ಆದ ಬೂದಿ ಅದು. ನೋಡಲು ಏನೂ ಇಲ್ಲ, ಒಂದು ಬೂದು ಗುಡ್ಡೆ. ಸಗಣಿಯ ಬಗ್ಗೆ ‘ನಮ್ಮಲ್ಲಾದರೆ’ ಎನ್ನುವವರಿಗೆ ಇದನ್ನು ತೋರಿಸಬೇಕು ಎಂದು ಕೆಲವೊಮ್ಮೆ ಅನ್ನಿಸುತ್ತದೆ.

ಈಗ ನಮ್ಮೂರೂ ಯಾರದೋ ಪುಟದಲ್ಲಿ ಅರ್ಧ ತಾಸಿನ ಊರಾಗುತ್ತಿದೆ. ನಾರಾಯಣಪುರದ ಅಣೆಕಟ್ಟು, ರಾಜನಕೋಳೂರಿನ ಬೃಹತ್ ಶಿಲಾಗೋರಿಗಳು ನೋಡಲು ಹೊರಟವರು ಇಲ್ಲಿ ಚಹಾಕ್ಕೆ ಇಳಿಯುತ್ತಾರೆ. ಕೊಡೇಕಲ್ ಬಸವಣ್ಣನ ಗುಡಿ, ಕಾಲಜ್ಞಾನ, ಸಾಮಾನ್ಯರಿಗೆ ಓದಲು ಬಾರದ ಅಮರಗನ್ನಡ ಲಿಪಿ, ಇವೆಲ್ಲ ವಿಡಿಯೋಕ್ಕೆ ಹೇಳಿ ಮಾಡಿಸಿದ ಸಾಮಗ್ರಿ. ಕಟ್ಟೆಯ ಮೇಲಿನ ಮುದುಕ ನಗುತ್ತಾನೆ, ಅವರೂ ನಗುತ್ತಾರೆ. ‘ಯಾರೂ ನೋಡದ ಕರ್ನಾಟಕ’ ಎಂಬಂಥ ಮಾತು ಮೇಲೆ ಬರುತ್ತದೆ. ನಾವು ದಿನಾ ನೋಡುವುದು ಲೆಕ್ಕಕ್ಕಿಲ್ಲ. ಅದೇ ಬಸ್ ನಿಲ್ದಾಣದಲ್ಲಿ ಚೀಲ, ಹಾಸಿಗೆ, ಪಾತ್ರೆ, ಮಕ್ಕಳು ಸಮೇತ ಬೆಂಗಳೂರಿಗೋ ಪುಣೆಗೋ ಗುಳೆ ಹೊರಟವರು ಕೂತಿರುತ್ತಾರೆ. ಚೌಕಟ್ಟನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಅವರನ್ನು ಬಿಡಲಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ತಿರುಗಿದವರು ಇವರೇ. ಪ್ರವಾಸ ಸಾಹಿತ್ಯದ ಯಾವ ಸಮೀಕ್ಷೆಯಲ್ಲೂ ಇವರ ಒಂದು ಪುಟ ನನಗೆ ಸಿಕ್ಕಿಲ್ಲ. ಸಂಶೋಧನೆಯ ಪಟ್ಟಿಗೆ ಪ್ರಕಟವಾದ ಪುಸ್ತಕ ಬೇಕು, ಲೇಖಕರ ಹೆಸರು ಬೇಕು, ವರ್ಷ ಬೇಕು. ಹೀಗಾಗಿ ಪ್ರವಾಸ ಅಂದರೆ ಮರಳಿ ಬಂದು ಬರೆಯಲು ಬಿಡುವಿದ್ದವರ ತಿರುಗಾಟ ಎಂದು ಯಾರೂ ಹೇಳದೆಯೇ ತೀರ್ಮಾನವಾಗಿಬಿಟ್ಟಿದೆ. ಹೊಟೇಲಿನ ಹೊರಗೆ ನಿಂತು ಬೇರೆ ಕಪ್ಪಿನಲ್ಲಿ ಚಹಾ ಕುಡಿದ ಪ್ರಸಂಗಗಳು ದಲಿತ ಆತ್ಮಕಥನಗಳಲ್ಲಿ ಬಂದರೆ ಅವನ್ನು ನಾವು ಸಾಮಾಜಿಕ ದಾಖಲೆ ಎಂದು ಓದುತ್ತೇವೆ, ದಾರಿಯ ಬರಹ ಎಂದು ಓದುವುದಿಲ್ಲ. ಅಂಬೇಡ್ಕರರ ದೌಲತಾಬಾದ್ ಪುಟಗಳನ್ನು ಪ್ರವಾಸಕಥನದ ಪಠ್ಯವಾಗಿ ಇಟ್ಟ ತರಗತಿ ನಾನು ಓದಿದಲ್ಲೆಲ್ಲೂ ಇರಲಿಲ್ಲ.

ನಮ್ಮ ಓಣಿಯ ದೊಡ್ಡವ್ವ ಒಬ್ಬಳು ಹರೆಯದಲ್ಲಿ ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋದವಳು. ಲಾರಿಯಲ್ಲಿ ಹೋಗುವಾಗ ಖಂಡಾಳ ಘಟ್ಟದ ಒಂದು ಹಳ್ಳಿಯಲ್ಲಿ ಲಾರಿ ಕೆಟ್ಟು ಒಂದು ರಾತ್ರಿ ನಿಂತಿದ್ದರಂತೆ. ಮಳೆಗಾಲ, ಬೆಟ್ಟ, ಮೋಡ, ಜಲಪಾತ, ಸಿನಿಮಾದವರು ಹುಡುಕಿಕೊಂಡು ಹೋಗುವ ಜಾಗ. ಅಲ್ಲಿ ಏನು ನೋಡಿದಿ ದೊಡ್ಡವ್ವ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ:

“ನೋಡೂದೇನ್ ಬಂತು ತಮ್ಮಾ. ಮಂಜು ಕವದಿತ್ತು, ಏನೂ ಕಾಣ್ತಿರ್ಲಿಲ್ಲ. ಒಂದ್ ನಳ ಇತ್ತು, ನೀರು ಅಂದ್ರ ಕೈ ಕೊರಿತಿದ್ವು. ಹೆಣ್ಮಕ್ಕಳು ಹೊರಗ ಹೋಗಾಕ ಜಾಗ ಹುಡುಕಿದ್ವಿ, ನಾವು ನಾಕ್ ಮಂದಿ ಸೀರಿ ಅಡ್ಡ ಹಿಡದ್ವಿ. ಒಬ್ಬಾವ ಬಂದು ಅಂಗಡಿ ಮುಂದ ಮಲಗಬ್ಯಾಡ್ರಿ ಅಂತ ಎಬ್ಬಿಸಿದ. ಇನ್ನೊಬ್ಬ ಚಾದಂಗಡಿಯಾವ ತಾನಾಗೇ ಕರದು ಒಳಗ ಕೂಸು ಮಲಗಿಸ್ರಿ ಅಂದ. ಚಾ ರೊಕ್ಕ ಮಾತ್ರ ಬಿಡಲಿಲ್ಲ, ಎಣಿಸಿ ತಗೊಂಡ.”

ಅವನ ಭಾಷೆ ನಿನಗೆ ಹೇಗೆ ತಿಳಿಯಿತು ಎಂದೆ. “ಮರಾಠಿ ಅಷ್ಟಿಷ್ಟು ತಿಳೀತದ. ಯಾವೂರು ಅಂತ ಕೇಳಿದ. ಕೊಡೇಕಲ್ ಅಂದ್ರ ಅವಗೇನ್ ಗೊತ್ತಾಗ್ತದ ಅಂತ ಸುರಪುರ ಅಂದ್ವಿ. ಅವಗ ಅದೂ ಗೊತ್ತಿರ್ಲಿಲ್ಲ.”